ಗುದ್ದುಮಾವನ ಮುಂದಿನ ಸೀಟು

ಗುದ್ದುಮಾವ ಯಾರನ್ನೂ ಗುದ್ದಿದವರಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಹೆಸರು ಕೇಳಿದ ಕೂಡಲೇ ಜನ ಒಂದು ಹೆಜ್ಜೆ ಹಿಂದೆ ಸರಿಯುತ್ತಾರೆ. ಹೆದರುವಂಥದ್ದು ಆ ಮೈಯಲ್ಲಿ ಏನಿದೆ ಸ್ವಾಮಿ? ಜೋರಾಗಿ ಗಾಳಿ ಬೀಸಿದರೆ ಗೋಡೆ ಹಿಡಿದು ನಡೆಯುವ ಕಡ್ಡಿ ಪೈಲ್ವಾನ್ ಅವರು. ಗುದ್ದುತ್ತಿದ್ದದ್ದು ಒಂದೇ ಒಂದನ್ನು, ಸೊಸೆಯ ಲಾಂಡ್ರಿ ವ್ಯಾನನ್ನು. ಅವರು ಗುದ್ದಿದರೆ ವ್ಯಾನು ಹೊರಡುತ್ತಿತ್ತು, ಗುದ್ದದಿದ್ದರೆ ಜಪ್ಪಯ್ಯ ಅಂದರೂ ಹೊರಡುತ್ತಿರಲಿಲ್ಲ. ಸೊಸೆ ಕರೆಯುವುದು ‘ಮಾವ’ ಅಂತ, ಹಾಗಾಗಿ ಊರಿಗೆಲ್ಲ ಅವರು ಗುದ್ದುಮಾವ.

ಮನೆಯ ಕೆಳಗೆ ಲಾಂಡ್ರಿ, ಮೇಲೆ ವಾಸ. ಕೆಳಗೆ ಗಾಜಿನ ಬಾಗಿಲಿನ ದೊಡ್ಡ ಯಂತ್ರಗಳು ಬೆಳಗಿನಿಂದ ತಿರುಗುತ್ತಿದ್ದರೆ, ಮೇಲೆ ಅಡುಗೆಮನೆಯ ಲೋಟಗಳು ಅದೇ ತಾಳಕ್ಕೆ ಕುಣಿಯುತ್ತಿರುತ್ತವೆ. ಮಗ ಇಸ್ತ್ರಿ ಮಾಡುತ್ತಾನೆ. ಮಾತಿನಲ್ಲಿ ಮಹಾ ಜಿಪುಣ, ಅವನ ಪಾಲಿನದ್ದನ್ನೂ ಇಸ್ತ್ರಿಪೆಟ್ಟಿಗೆಯೇ ಬುಸ್ ಬುಸ್ ಅಂತ ಆಡಿ ಮುಗಿಸುತ್ತದೆ. ವ್ಯಾನು ಸೊಸೆಯದು. ಹೋಟೆಲುಗಳಿಂದ, ಆಸ್ಪತ್ರೆಯಿಂದ, ಕ್ಷೌರದ ಅಂಗಡಿಗಳಿಂದ ಕೊಳೆ ಬಟ್ಟೆ ತರುವುದು, ಒಗೆದದ್ದನ್ನು ತಲುಪಿಸುವುದು ಅವಳ ಕೆಲಸ. ಸ್ಟಿಯರಿಂಗ್ ಹಿಡಿದಳೆಂದರೆ ಎದುರಿಗೆ ಬರುವ ಬಸ್ಸುಗಳೂ ಸ್ವಲ್ಪ ಯೋಚಿಸುತ್ತವೆ.

ಗುದ್ದುಮಾವ ಶಾಲೆಯಲ್ಲಿ ಗಂಟೆ ಹೊಡೆಯುವ ಕೆಲಸದಲ್ಲಿದ್ದವರು. ಕೆಲಸದಿಂದ ಬಿಡುಗಡೆಯಾಗಿ ಮನೆಗೆ ಬಂದು ಚಪ್ಪಲಿ ಬಿಡುವಷ್ಟರಲ್ಲಿ ಅವರ ಹೆಂಡತಿ, ಅಂದರೆ ಮನೆಯ ಅತ್ತೆ, ಕಾಲುಚೀಲದ ಬುಟ್ಟಿ ತಂದು ಮುಂದಿಟ್ಟರು. ಲಾಂಡ್ರಿಯವರಿಗೆ ಮಾತ್ರ ಗೊತ್ತಿರುವ ಸಂಕಟ ಇದು. ಯಂತ್ರದೊಳಕ್ಕೆ ಜೋಡಿಯಾಗಿ ಹೋದ ಕಾಲುಚೀಲಗಳು ಹೊರಗೆ ಬರುವಾಗ ಒಂದಕ್ಕೊಂದು ಗುರುತೇ ಇಲ್ಲದವರ ಹಾಗೆ ಬರುತ್ತವೆ. ಅವಕ್ಕೆ ಜೋಡಿ ಹುಡುಕುವುದೇ ಮಾವನ ಹೊಸ ಉದ್ಯೋಗವಾಯಿತು. ಬೂದು, ಕಡು ಬೂದು, ತಿಳಿ ಬೂದು, ಮೊದಲು ಕಪ್ಪಾಗಿದ್ದು ಈಗ ಬೂದಾದದ್ದು. ಎದುರಿಗೆ ಕೂತ ಅತ್ತೆ ಬಟನ್ ಹೊಲಿಯುತ್ತ, "ಅದಲ್ಲ ರೀ, ಕಣ್ಣು ಎಲ್ಲಿಟ್ಟಿದೀರಾ? ಅದರ ಅಂಚು ನೋಡಿ, ಅಂಚು!" ಅಂತ ಪಾಠ ಹೇಳುತ್ತಿದ್ದರು. ಇಡೀ ಶಾಲೆಯನ್ನು ಒಂದು ಪೆಟ್ಟಿಗೆ ಎಬ್ಬಿಸಿ, ಒಂದು ಪೆಟ್ಟಿಗೆ ಕೂರಿಸಿದ್ದ ಮನುಷ್ಯನ ಗತಿ ನೋಡಿ!

ಆ ನರಕದಿಂದ ಅವರನ್ನು ಪಾರು ಮಾಡಿದ್ದು ವ್ಯಾನಿನ ಕಾಯಿಲೆ. ಒಂದು ದಿನ ಸೊಸೆ ಕೀಲಿ ತಿರುಗಿಸಿದರೆ ಬರೀ ‘ಟಕ್’. ಮತ್ತೆ ತಿರುಗಿಸಿದರೂ ‘ಟಕ್’. ಬಟ್ಟೆಯ ಗಂಟು ಹೊತ್ತು ಬಂದಿದ್ದ ಮಾವ ಬೆಳಗಿನಿಂದ ಅತ್ತೆಯ ಮೇಲೆ ಬಂದಿದ್ದ ಸಿಟ್ಟನ್ನೆಲ್ಲ ಸೇರಿಸಿ, ಕೀಲಿಯ ತೂತಿನ ಪಕ್ಕದಲ್ಲೇ ಮುಷ್ಟಿಯಿಂದ ಒಂದು ಗುದ್ದು ಗುದ್ದಿದರು. ವ್ಯಾನು ಗುರ್ ಅಂತು. ಸೊಸೆ ಬಾಯಿ ಬಿಟ್ಟುಕೊಂಡು ನೋಡಿದಳು. ಹೋಟೆಲ್ ತಲುಪಿ ಇಂಜಿನ್ ಆಫ್ ಮಾಡಿದ ಮೇಲೆ ಮತ್ತೆ ‘ಟಕ್’. ಅವಳು ಗುದ್ದಿದಳು, ಹೋಟೆಲಿನವನು ಗುದ್ದಿದ, ಏನೂ ಉಪಯೋಗವಾಗಲಿಲ್ಲ. ಕೊನೆಗೆ ಮಾವನನ್ನು ಆಟೋ ಹತ್ತಿಸಿ ಕರೆಸಿಕೊಳ್ಳಬೇಕಾಯಿತು. ಮಾವ ಬಂದರು, ಕೋಟಿನ ತೋಳು ಸರಿಮಾಡಿಕೊಂಡರು, ಗುದ್ದಿದರು. ಗುರ್!

"ಎಲ್ರೂ ಹೊಡೀತಾರಮ್ಮ," ಅಂತ ಮಾವ ಮುಂದಿನ ಸೀಟಿನಲ್ಲಿ ಆರಾಮಾಗಿ ಕೂತು ಹೇಳಿದರು. "ಎಲ್ಲಿ ನಿಲ್ಲಿಸ್ಬೇಕು ಅಂತ ಗೊತ್ತಿರ್ಬೇಕು. ಗಂಟೆ ಹೊಡೆದ ಕೈ ಇದು."

ಅವತ್ತಿನಿಂದ ಆ ಸೀಟು ಅವರದಾಯಿತು. ದಿನವೂ ಬಿಸ್ಕತ್ತು ಬಣ್ಣದ ಅದೇ ಹಳೇ ಕೋಟು ತೊಟ್ಟು, ತಲೆ ಬಾಚಿ, ಸೊಸೆಗಿಂತ ಮೊದಲೇ ಹೋಗಿ ಕೂರುತ್ತಿದ್ದರು. ಹೋಟೆಲಿನ ಹಿಂಬಾಗಿಲ ವಾಚ್‌ಮನ್ ಜೊತೆ ಅವನ ಬೆನ್ನುನೋವಿನ ಸಮಾಚಾರ, ಆಸ್ಪತ್ರೆಯ ಬಟ್ಟೆಕೋಣೆಯ ನರ್ಸಮ್ಮನ ಜೊತೆ ಅವಳ ಮೈದುನನ ಸಮಾಚಾರ, ಕ್ಷೌರದಂಗಡಿಯಲ್ಲಿ ಇಡೀ ಊರಿನ ಸಮಾಚಾರ. ದಾರಿಯುದ್ದಕ್ಕೂ ಸೊಸೆಗೆ ಅದೆಲ್ಲದರ ವರದಿ. ಸೊಸೆ "ಹೂಂ" ಅನ್ನುತ್ತ, ಒಮ್ಮೊಮ್ಮೆ ನಗು ತಡೆಯಲಾರದೆ ಗೇರು ತಪ್ಪಿಸುತ್ತ ಓಡಿಸುತ್ತಿದ್ದಳು. ಮಾವನಿಗೆ ಜೀವನದಲ್ಲಿ ಅಷ್ಟು ಸುಖ ಯಾವತ್ತೂ ಸಿಕ್ಕಿರಲಿಲ್ಲ. ನಿಂತಲ್ಲೆಲ್ಲ ಅವರು ಬೇಕಿತ್ತು ನೋಡಿ, ಅದರ ಸುಖವೇ ಬೇರೆ.

ಹಾಗೆ ಎಲ್ಲ ಚೆನ್ನಾಗಿಯೇ ನಡೆಯುತ್ತಿತ್ತು, ವ್ಯಾನು ಸಿಗ್ನಲ್ಲಿನಲ್ಲಿ ಕೈ ಕೊಡುವವರೆಗೆ.

ದೊಡ್ಡ ನಾಲ್ಕುರಸ್ತೆ. ಹಿಂದೆ ವ್ಯಾನಿನ ತುಂಬ ಹೋಟೆಲಿನ ಹಾಸುಬಟ್ಟೆ. ಕೆಂಪು ದೀಪದಲ್ಲಿ ನಿಂತ ವ್ಯಾನು ಹಸಿರು ಬರುವಷ್ಟರಲ್ಲಿ ಸತ್ತು ಹೋಗಿತ್ತು. ಮಾವ ನಸುನಕ್ಕು ತೋಳು ಸರಿಮಾಡಿಕೊಂಡು ಗುದ್ದಿದರು. ‘ಟಕ್’. ಇನ್ನೊಂದು ಗುದ್ದು. ‘ಟಕ್’. ಹಿಂದಿನಿಂದ ಹಾರನ್ನುಗಳು ಶುರುವಾದವು. ಮಾವ ಎಡಗೈಯಲ್ಲಿ ಗುದ್ದಿದರು, ಎರಡೂ ಕೈಯಲ್ಲಿ ಗುದ್ದಿದರು, ಮೊಣಕಾಲಿನಲ್ಲೂ ಗುದ್ದಿ ನೋಡಿದರು. ಕೊನೆಗೆ ಡ್ಯಾಶ್‌ಬೋರ್ಡಿಗೆ ಬಾಯಿಟ್ಟು, "ಮರ್ಯಾದೆ ಉಳ್ಸು ಮಾರಾಯ," ಅಂತ ಬೇಡಿಕೊಂಡರು. ಅಷ್ಟರಲ್ಲಿ ಟ್ರಾಫಿಕ್ ಪೊಲೀಸಿನವನು ಕಿಟಕಿಯಲ್ಲಿ ತಲೆ ಹಾಕಿದ.

"ಏನ್ ಅಜ್ಜ, ಗಾಡಿ ಜೊತೆ ಜಗಳಾನಾ?"

"ಇಲ್ಲಪ್ಪ, ಸ್ಟಾರ್ಟ್ ಮಾಡ್ತಿದೀನಿ."

ಪೊಲೀಸಿನವನು ಮಾವನನ್ನು ನೋಡಿದ, ಸೊಸೆಯನ್ನು ನೋಡಿದ, ಏನೂ ಅರ್ಥವಾಗದೆ ಹಿಂದಿನಿಂದ ತಳ್ಳುವುದೇ ಮೇಲು ಅಂತ ತಾನೇ ಭುಜ ಕೊಟ್ಟ. ವ್ಯಾನು ತಳ್ಳಿಸಿಕೊಂಡು, ಎಳೆಸಿಕೊಂಡು, ಅಂತೂ ವೈರಣ್ಣನ ಶೆಡ್ಡು ಸೇರಿತು.

ವೈರಣ್ಣ ಗಾಡಿಗಳ ವೈರಿಂಗ್ ರಿಪೇರಿಯವನು. ಯಾವಾಗ ನೋಡಿದರೂ ಯಾವುದೋ ಗಾಡಿಯ ಡ್ಯಾಶ್‌ಬೋರ್ಡಿನ ಕೆಳಗೆ ತಲೆ ತೂರಿಸಿ ಮಲಗಿರುತ್ತಾನೆ. ಶೆಡ್ಡಿಗೆ ಬಂದವರಿಗೆ ಅವನ ಕಾಲೇ ಮುಖ, ಜನ ಕಾಲಿಗೇ ನಮಸ್ಕಾರ ಹೇಳಿ ಕಾಲಿನ ಜೊತೆಯೇ ಮಾತಾಡುತ್ತಾರೆ. ಸ್ವಲ್ಪ ಹೊತ್ತು ತಡಕಾಡಿದ ಮೇಲೆ ಕಾಲು ಅಲ್ಲಾಡಿತು. ಒಳಗಿನಿಂದ ದನಿ ಬಂತು.

"ಅಕ್ಕಾ, ಇದಕ್ಕೆ ಯಾರು ಹೊಡೆದಿದ್ದು?"

ಸೊಸೆ ಮಾವನನ್ನು ನೋಡಿದಳು. ಮಾವ ಶೆಡ್ಡಿನ ಮಾಡು ನೋಡಿದರು.

ವೈರಣ್ಣ ಹೊರಗೆ ಬಂದು ಕೈಯಲ್ಲಿದ್ದ ಡಬ್ಬಿಯನ್ನು ಬೆಂಚಿನ ಮೇಲಿಟ್ಟ. ಟಿಫಿನ್ ಡಬ್ಬಿಯಷ್ಟು ದೊಡ್ಡದು, ಬೆನ್ನ ತುಂಬ ಪಿನ್ನುಗಳು, ಒಂದು ಮಗ್ಗುಲು ಸೊಟ್ಟಗಾಗಿದೆ. "ಇದೇ ನೋಡಿ ಇಂಜಿನ್ನಿನ ಕಂಪ್ಯೂಟರ್. ಇಂಜಿನ್ನಿಗೆ ಎಷ್ಟು ಪೆಟ್ರೋಲು ಬಿಡ್ಬೇಕು, ಯಾವಾಗ ಕಿಡಿ ಹಾರಿಸ್ಬೇಕು ಅಂತೆಲ್ಲ ಹೇಳೋದು ಇದೇ."

ಮಾವನ ಲೆಕ್ಕದಲ್ಲಿ ಕಂಪ್ಯೂಟರ್ ಅಂದರೆ ಮುಂದೆ ಒಂದು ಪರದೆ, ಪರದೆಯ ಮುಂದೆ ತೂಕಡಿಸುವ ಒಬ್ಬ ಗುಮಾಸ್ತ. ಈ ಕುರುಡು ಡಬ್ಬಿ ಕಂಪ್ಯೂಟರ್ ಅಂದರೆ ಅವರಿಗೆ ನಗು ಬಂತು. ಆದರೆ ವೈರಣ್ಣ ಮುಚ್ಚಳ ತೆಗೆದು ತೋರಿಸಿದಾಗ ನಗು ನಿಂತಿತು. ಒಳಗೆ ಒಂದು ಬೆಸುಗೆ ಬಿರುಕು ಬಿಟ್ಟಿತ್ತು. ಗುದ್ದಿದಾಗೆಲ್ಲ ಆ ಬಿರುಕು ಒಂದು ಕ್ಷಣ ಕೂಡಿಕೊಳ್ಳುತ್ತಿತ್ತು, ಅಷ್ಟರಲ್ಲಿ ಇಂಜಿನ್ ಎದ್ದುಬಿಡುತ್ತಿತ್ತು. ಗುದ್ದಿ ಗುದ್ದಿ ಈಗ ಅಕ್ಕಪಕ್ಕದ ಬೆಸುಗೆಗಳೂ ಕಿತ್ತು ಬಂದಿದ್ದವು.

"ಅಂದ್ರೆ ಬದುಕ್ಸಿದ್ದೂ ನಾನೇ, ಸಾಯ್ಸಿದ್ದೂ ನಾನೇ ಅಂತೀಯಾ?" ಅಂದರು ಮಾವ.

"ಅಷ್ಟು ಚೆನ್ನಾಗಿ ಹೇಳೋಕೆ ನನಗೆ ಬರಲ್ಲ ಮಾವ. ಹೊಸದು ಹಾಕ್ಬೇಕು, ಅಷ್ಟೇ. ಈ ಸಲ ಸೀಟಿನ ಕೆಳಗೆ, ರಬ್ಬರ್ ಮೇಲೆ ಕೂರಿಸ್ತೀನಿ. ನಿಮ್ಮ ಕೈಗೆ ಸಿಗದ ಜಾಗ."

ಸೊಸೆ ಒಳ್ಳೆಯ ಮನಸ್ಸಿನಿಂದಲೇ, "ಪಾಪ ಮಾವ, ಬಿಸಿಲಲ್ಲಿ ನನ್ನ ಜೊತೆ ಅಲೆದಿದ್ದು ಸಾಕು. ಇನ್ಮೇಲೆ ಆರಾಮಾಗಿ ಮನೇಲಿರಿ," ಅಂದಳು.

ಮಾವನ ಕಣ್ಣ ಮುಂದೆ ಬಂದದ್ದು ಬೂದು ಬಣ್ಣದ ಬುಟ್ಟಿ.

ಮನೆಯಲ್ಲಿ ಸುದ್ದಿ ಕೇಳಿ ಅತ್ತೆಯ ಮುಖ ಅರಳಿದ್ದು ಏನು ಹೇಳುವುದು! "ಬನ್ನಿ ಬನ್ನಿ, ನೀವು ಊರು ಸುತ್ತೋಕೆ ಹೋದಮೇಲೆ ಎಷ್ಟು ಬಿದ್ದಿದೆ ನೋಡಿ," ಅಂತ ಬುಟ್ಟಿ ಎಳೆದು ತಂದರು. ಬುಟ್ಟಿ ಒಂದಿದ್ದದ್ದು ಈಗ ಸಂಸಾರ ಬೆಳೆಸಿತ್ತು. ಮಾವ ಒಂದು ಬೂದು ಕಾಲುಚೀಲ ಎತ್ತಿಕೊಂಡರು, ಅದನ್ನೇ ದಿಟ್ಟಿಸುತ್ತ ಕೂತರು. ಊಟಕ್ಕೆ ಕರೆದರೆ ಹಸಿವಿಲ್ಲ ಅಂದರು. ಆ ಮಾತು ಆ ಮನೆಯಲ್ಲಿ ಅವರ ಬಾಯಿಂದ ಯಾರೂ ಕೇಳಿರಲಿಲ್ಲ. ಇಸ್ತ್ರಿ ಮಾಡುತ್ತಿದ್ದ ಮಗನೇ, "ಏನಾಯ್ತಪ್ಪ?" ಅಂದುಬಿಟ್ಟ.

ಮಾರನೆಯ ದಿನ ಬಟನ್ ತರುತ್ತೇನೆಂದು ಹೇಳಿ ಮಾವ ಸೀದಾ ಶೆಡ್ಡಿಗೆ ಹೋದರು. ಕಾಲಿನ ಮುಂದೆ ಸ್ಟೂಲು ಎಳೆದುಕೊಂಡು ಕೂತು, ಗಂಟಲು ಸರಿಮಾಡಿಕೊಂಡರು.

"ವೈರಣ್ಣ, ಆ ಕಂಪ್ಯೂಟರ್ ವಿಷ್ಯ. ಹೊಸದೇ ಹಾಕ್ಬೇಕಾ?"

"ಮತ್ತೆ?"

"ಸ್ವಲ್ಪ ಕೆಟ್ಟಿರೋದು ಸಿಗಲ್ವಾ?"

ಕಾಲು ಅಲ್ಲಾಡುವುದನ್ನು ನಿಲ್ಲಿಸಿತು. ನಿಧಾನವಾಗಿ ಒಂದು ಮುಖ ಹೊರಗೆ ಬಂತು. "ಏನಂದ್ರಿ?"

"ಪೂರ್ತಿ ಕೆಟ್ಟಿರೋದಲ್ಲಪ್ಪ. ಒಂದು ಗುದ್ದಿಗೆ ಸರಿಹೋಗೋ ಅಷ್ಟು. ಅದನ್ನ ಮೊದಲಿನ ಜಾಗದಲ್ಲೇ ಕೂರಿಸಿಬಿಡು."

"ಮಾವ, ಕೆಟ್ಟಿದ್ದನ್ನ ಸರಿ ಮಾಡು ಅಂತ ಬರ್ತಾರೆ, ಸರಿ ಇರೋದನ್ನ ಕೆಡಿಸು ಅಂತ ಬಂದಿರೋದು ನೀವೇ ಮೊದಲು." ವೈರಣ್ಣ ಹೊಟ್ಟೆ ಹಿಡಿದುಕೊಂಡು ನಕ್ಕ. ಆಮೇಲೆ ಮಾವನ ಮುಖ ನೋಡಿ ನಗು ನುಂಗಿಕೊಂಡ. ಹೊಸ ಡಬ್ಬಿ ತೆಗೆದು ತೋರಿಸಿ, ಅದರ ಜೊತೆ ಬಂದಿದ್ದ ಕಡಲೆಕಾಳಿನಷ್ಟು ದೊಡ್ಡ ಕಪ್ಪು ಚೂರನ್ನು ಅಂಗೈ ಮೇಲೆ ಇಟ್ಟ. "ಇದು ಚಿಪ್ಪು. ಹೊಸ ಕಂಪ್ಯೂಟರಿಗೆ ಇದರದ್ದೇ ಗುರುತು. ಕೀಲಿ ತಿರುಗ್ಸುವಾಗ ಇದು ತೂತಿನ ಹತ್ರ ಇದ್ರೇನೇ ಗಾಡಿ ಏಳೋದು. ಇಲ್ಲಾಂದ್ರೆ ಕಳ್ಳ ಬಂದ ಅಂತ ಸುಮ್ನೆ ಕೂತ್ಬಿಡುತ್ತೆ. ಇದನ್ನ ಕೀಲಿಯ ಹಿಡಿಯೊಳಗೆ ಹಾಕಿ ಕೊಡ್ತೀನಿ. ಇದಕ್ಕೆ ಗುದ್ದೂ ಬೇಡ, ಗಿದ್ದೂ ಬೇಡ."

ಮಾವನಿಗೆ ಚಿಪ್ಪು ಕಟ್ಟಿಕೊಂಡು ಏನಾಗಬೇಕು? ‘ಗುದ್ದು ಬೇಡ’ ಅನ್ನುವುದೊಂದೇ ಕಿವಿಗೆ ಬಿದ್ದದ್ದು. ಎದ್ದು ನಿಂತರು. "ನಾನು ಬಂದಿದ್ದು ಸೊಸೆಗೆ ಹೇಳ್ಬೇಡ."

"ಛೆ ಛೆ, ನನ್ನ ಹೊಟ್ಟೆಯೊಳಗೇ ಇರುತ್ತೆ."

ವೈರಣ್ಣನ ಹೊಟ್ಟೆಯಲ್ಲಿ ಮಾತು ಉಳಿದದ್ದನ್ನು ಯಾರೂ ನೋಡಿಲ್ಲ. ಆದರೆ ಮಾವ ಆಗ ಅದನ್ನೆಲ್ಲ ಯೋಚಿಸುವ ಸ್ಥಿತಿಯಲ್ಲಿರಲಿಲ್ಲ, ಬಟನ್ ತರುವುದನ್ನೂ ಮರೆತು ಮನೆಗೆ ಬಂದರು.

ಅವತ್ತು ಸಂಜೆ ಸೊಸೆ ವ್ಯಾನು ಓಡಿಸಿಕೊಂಡು ಬಂದಳು. ಯಾರೂ ಗುದ್ದದೆಯೇ ಬಂದಿತ್ತು. ಮಾವ ಕಿಟಕಿಯಿಂದ ಅದನ್ನು ನೋಡಿದರು, ಮುಖ ತಿರುಗಿಸಿಕೊಂಡರು. ಸೊಸೆ ಮೇಲೆ ಬಂದು, "ಮಾವ, ನಿಮ್ಮ ಕೋಟಿನ ಬಲತೋಳು ಬಿಚ್ಚಿದೆ, ಕೊಡಿ, ಹೊಲಿದಿಡ್ತೀನಿ," ಅಂದಳು.

"ಇನ್ನು ಕೋಟು ಹಾಕ್ಕೊಂಡು ನಾನು ಎಲ್ಲಿಗೆ ಹೋಗ್ಲಿ ಬಿಡಮ್ಮ," ಅಂತ ಮಾವ ಕೋಟು ಕೊಟ್ಟು ಮಲಗಿದರು.

ಬೆಳಗ್ಗೆ ಅವರು ಬುಟ್ಟಿಯ ಮುಂದೆ ಕೂತು, ಒಂದು ಕಾಲುಚೀಲವನ್ನು ಇನ್ನೊಂದರ ಪಕ್ಕಕ್ಕೆ ಹಿಡಿದು, ಜಗತ್ತಿನಲ್ಲಿ ಯಾವುದಕ್ಕೂ ಯಾವುದೂ ಜೋಡಿಯಲ್ಲ ಅನ್ನುವ ವೇದಾಂತಕ್ಕೆ ಬಂದಿದ್ದರು. ಆಗ ಬೀದಿಯಿಂದ ಒಂದು ಸದ್ದು ಕೇಳಿಸಿತು.

‘ಟಕ್.’

ಮಾವನ ಕಿವಿ ನೆಟ್ಟಗಾಯಿತು.

‘ಟಕ್.’

"ಮಾವಾ!" ಕೆಳಗಿನಿಂದ ಸೊಸೆ ಕೂಗಿದಳು. "ಸ್ವಲ್ಪ ಬನ್ನಿ! ಇದು ಹೊಸದಾದ್ರೂ ನಿಮ್ಮ ಮಾತೇ ಕೇಳೋದು ಅಂತ ಕಾಣುತ್ತೆ! ಕೋಟು ಹಾಕ್ಕೊಂಡೇ ಬನ್ನಿ, ಹೊರಗೆ ಚಳಿ ಇದೆ!"

ಮಾವ ಹೇಗೆ ಎದ್ದರು, ಸೊಸೆ ಹೊಲಿದು ಮೊಳೆಗೆ ಹಾಕಿದ್ದ ಕೋಟನ್ನು ಹೇಗೆ ತೊಟ್ಟರು, ಹೇಗೆ ಮೆಟ್ಟಿಲಿಳಿದರು ಅಂತ ಅತ್ತೆಗೆ ಗೊತ್ತಾಗಲೇ ಇಲ್ಲ. ಅವರಿಗೆ ಕಂಡದ್ದು ಗಾಳಿಯಲ್ಲಿ ಹಾರುತ್ತಿದ್ದ ಕಾಲುಚೀಲಗಳು ಮಾತ್ರ. ಮಾವ ಸೀಟಿಗೆ ಹತ್ತಿ, ಕೋಟಿನ ತೋಳು ಸರಿಮಾಡಿಕೊಂಡು, ಹಳೇ ಜಾಗಕ್ಕೆ, ಕೀಲಿಯ ತೂತಿನ ಪಕ್ಕಕ್ಕೆ, ಮುಷ್ಟಿ ಇಳಿಸಿದರು. ಸೊಸೆ ಕೀಲಿ ತಿರುಗಿಸಿದಳು. ಗುರ್!

ಅವತ್ತಿನ ಮಾವನ ಜಂಬ ನೋಡಬೇಕಿತ್ತು. ಹೋಟೆಲಿನ ವಾಚ್‌ಮನ್‌ಗೆ, ನರ್ಸಮ್ಮನಿಗೆ, ಕ್ಷೌರದಂಗಡಿಯಲ್ಲಿ ಅರ್ಧ ಗಡ್ಡ ಬೋಳಿಸಿಕೊಂಡು ಕೂತವನಿಗೆ, ಎಲ್ಲರಿಗೂ ಅದೇ ಕಥೆ. "ಕಂಪ್ಯೂಟರ್ ಹಾಕ್ಲಿ, ಅದರ ಅಪ್ಪನ್ನೇ ಹಾಕ್ಲಿ, ಗಾಡಿಗೆ ಕೈ ಗುರುತಿರುತ್ತೆ ಕಣ್ರೀ!" ಕಂಪ್ಯೂಟರ್ ಈಗ ತಮ್ಮ ಕುಂಡಿಯ ಕೆಳಗೆ ರಬ್ಬರ್ ಮೇಲೆ ಕೂತಿದೆ, ಗುದ್ದುತ್ತಿರುವುದು ಬರೀ ಪ್ಲಾಸ್ಟಿಕ್ಕಿಗೆ ಅನ್ನುವುದು ಅವರಿಗೆ ನೆನಪಾಗುತ್ತಿರಲಿಲ್ಲವೆಂದಲ್ಲ. ನೆನಪಾದಾಗೆಲ್ಲ ಬೇರೆ ಮಾತು ತೆಗೆಯುತ್ತಿದ್ದರು.

ಹೀಗೆ ಕೆಲವು ವಾರ ಸುಖವಾಗಿ ಕಳೆದವು. ಮಾವನ ಊಟ ಮೊದಲಿನಂತಾಯಿತು. ಒಂದು ಬೆಳಗ್ಗೆ ಅವರು ಎದ್ದು ನೋಡಿದರೆ ಮೊಳೆಯಲ್ಲಿ ಕೋಟಿಲ್ಲ.

"ಒಗೆಯೋಕೆ ಹಾಕಿದೀನಿ," ಅಂದರು ಅತ್ತೆ. "ಊರವರ ಬಟ್ಟೆಯೆಲ್ಲ ಒಗೆದು ಬೆಳ್ಳಗೆ ಮಾಡೋ ಮನೆಯವರು, ಮೈ ಮೇಲೆ ನೋಡಿದ್ರೆ ಅಂಥ ಕೋಟು! ಮಾನ ಹೋಗುತ್ತೆ ನಮ್ಮದು."

ಮಾವ ಶರ್ಟಿನಲ್ಲೇ ಹೋಗಿ ಸೀಟಿನಲ್ಲಿ ಕೂತು ಗುದ್ದಿದರು. ‘ಟಕ್’. ಮತ್ತೆ ಗುದ್ದಿದರು. ‘ಟಕ್’. ಸಿಗ್ನಲ್ಲಿನ ಆ ದಿನ ಕಣ್ಣ ಮುಂದೆ ಬಂದು ಮೈ ಬೆವರಿತು. ಮುಗೀತು, ಇನ್ನು ಕಾಲುಚೀಲವೇ ಗತಿ ಅಂದುಕೊಂಡು ಸೊಸೆಯ ಕಡೆ ತಿರುಗಿದರೆ, ಅವಳು ಡ್ಯಾಶ್‌ಬೋರ್ಡು ನೋಡುತ್ತಿರಲಿಲ್ಲ. ಅವರ ತೋಳು ನೋಡುತ್ತಿದ್ದಳು.

"ಕೋಟೆಲ್ಲಿ ಮಾವ?"

"ನಿಮ್ಮತ್ತೆ ಒಗೆಯೋಕೆ..."

ಮಾತು ಮುಗಿಯುವ ಮೊದಲೇ ಸೊಸೆ ವ್ಯಾನಿನಿಂದ ಹಾರಿ ಓಡಿದಳು. ಏನಾಯಿತೋ ಅಂತ ಮಾವನೂ ಹಿಂದೆಯೇ ಓಡಿದರು. ಅಪ್ಪನೂ ಹೆಂಡತಿಯೂ ಓಡುವುದನ್ನು ನೋಡಿ ಮಗ ಇಸ್ತ್ರಿಪೆಟ್ಟಿಗೆ ನಿಲ್ಲಿಸಿ ಬಂದ. ದೊಡ್ಡ ಯಂತ್ರದ ಗಾಜಿನ ಹಿಂದೆ ಬಿಸ್ಕತ್ತು ಬಣ್ಣದ ಕೋಟು ನೊರೆಯಲ್ಲಿ ತಿರುಗುತ್ತಿತ್ತು. ಬಲತೋಳು ಒಮ್ಮೆ ಗಾಜಿಗೆ ಬಂದು ಬಡಿದು ಮತ್ತೆ ಒಳಗೆ ಹೋಗುತ್ತಿತ್ತು. ಈ ಯಂತ್ರ ಒಮ್ಮೆ ಶುರುವಾದರೆ ಮುಗಿಯುವವರೆಗೆ ಬಾಗಿಲು ಬಿಡುವುದಿಲ್ಲ. ಮೂವರೂ ಸಾಲಾಗಿ ನಿಂತು ಸಿನಿಮಾ ನೋಡುವವರ ಹಾಗೆ ಕೋಟು ನೋಡಿದರು.

"ಕೋಟಿಗೂ ಗಾಡಿಗೂ ಏನಮ್ಮ ಸಂಬಂಧ?" ಅಂದರು ಮಾವ.

"ಏನಿಲ್ಲ ಮಾವ. ನಿಮಗೆ ಚಳಿ ಆಗುತ್ತಲ್ಲ ಅಂತ." ಹಣೆಯ ಬೆವರು ಒರೆಸಿಕೊಳ್ಳುತ್ತ ಸೊಸೆ ಹೇಳಿದಳು.

ಬಾಗಿಲು ಬಿಟ್ಟ ಕೂಡಲೇ ಅವಳು ಒದ್ದೆ ಕೋಟನ್ನೇ ಎಳೆದು ತಂದು ಮಾವನಿಗೆ ತೊಡಿಸಿದಳು. ಮೆಟ್ಟಿಲ ಮೇಲಿಂದ ಅತ್ತೆ, "ಅಯ್ಯೋ ನಿಮ್ಮ ತಲೆ ಕೆಟ್ಟಿದೆಯಾ!" ಅಂತ ಕೂಗುತ್ತಿದ್ದರು. ಮಾವ ನೀರು ತೊಟ್ಟಿಕ್ಕಿಸುತ್ತ ಸೀಟಿನಲ್ಲಿ ಕೂತು, ಎಂದಿನಂತೆ ತೋಳು ಸರಿಮಾಡಿಕೊಳ್ಳಲು ಅಂಚು ಹಿಡಿದರು. ಬಟ್ಟೆ ಒದ್ದೆಯಾಗಿ ತೆಳ್ಳಗಾಗಿತ್ತು. ಅಂಚಿನ ಮಡಿಕೆಯೊಳಗೆ, ಸಣ್ಣ ಸಣ್ಣ ಹೊಲಿಗೆಯ ನಡುವೆ, ಕಡಲೆಕಾಳಿನಷ್ಟು ಗಟ್ಟಿಯಾದದ್ದೊಂದು ಬೆರಳಿಗೆ ಸಿಕ್ಕಿತು.

ಮಾವ ಅದನ್ನು ಒತ್ತಿ ನೋಡಿದರು. ವೈರಣ್ಣನ ಅಂಗೈ ಮೇಲಿದ್ದ ಕಪ್ಪು ಚೂರು ನೆನಪಾಯಿತು. ಬಿಚ್ಚದೇ ಇದ್ದ ತೋಳನ್ನು ಬಿಚ್ಚಿದೆ ಅಂತ ಸೊಸೆ ಇಸಿದುಕೊಂಡದ್ದು ನೆನಪಾಯಿತು. ಕೋಟು ಹಾಕ್ಕೊಂಡೇ ಬನ್ನಿ ಅಂತ ಅವಳು ಕೂಗಿದ್ದೂ ನೆನಪಾಯಿತು. ಅಯ್ಯೋ ಹುಡುಗಿ! ಮಾವನ ಕಣ್ಣು ತುಂಬಿತು. ಕೋಟಿನಿಂದ ಆಗಲೇ ಇಷ್ಟು ನೀರು ಸುರಿಯುತ್ತಿದ್ದುದರಿಂದ ಇನ್ನೆರಡು ಹನಿ ಯಾರಿಗೂ ಕಾಣಲಿಲ್ಲ.

ತೋಳು ಸರಿಮಾಡಿಕೊಂಡರು. ಯಾವತ್ತಿಗಿಂತ ಮೆತ್ತಗೆ, ಮಗುವಿನ ಬೆನ್ನು ತಟ್ಟುವ ಹಾಗೆ, ಕೀಲಿಯ ಪಕ್ಕ ಒಂದು ಗುದ್ದಿದರು. ಗುರ್!

ಹೋಟೆಲಿನ ಹಿಂಬಾಗಿಲಿಗೆ ಬಂದಾಗ ವಾಚ್‌ಮನ್ ಒದ್ದೆ ಕೋಟು ನೋಡಿ ಹಲ್ಲು ಕಿರಿದ. ಒಗೆದ ಬಟ್ಟೆ ಇಳಿಸಿ, ಕೊಳೆ ಬಟ್ಟೆ ಹೇರಿ, ಮಾವ ಮತ್ತೆ ಗುದ್ದಲು ಕೈ ಎತ್ತಿದಾಗ ಅವನಿಗೆ ತಡೆಯಲಾಗಲಿಲ್ಲ.

"ಅಲ್ಲ ಮಾವ, ಹೊಸಾ ಕಂಪ್ಯೂಟರ್ ಹಾಕ್ಸಿದ್ರೂ ಇನ್ನೂ ಗುದ್ದು ಬೇಕಾ ಇದಕ್ಕೆ? ನಿಮಗೆ ಯಾರೋ ಟೋಪಿ ಹಾಕಿದಾರೆ."

ಸೊಸೆ ಕೀಲಿಯ ಮೇಲೆ ಕೈಯಿಟ್ಟುಕೊಂಡು ಉಸಿರು ಬಿಗಿಹಿಡಿದಳು.

"ಬೇಕು ಕಣಯ್ಯ," ಅಂದರು ಗುದ್ದುಮಾವ. ಕೋಟಿನ ಬಲತೋಳನ್ನು ಎಡಗೈಯಿಂದ ಮೆಲ್ಲಗೆ ಸವರಿದರು. "ನಮ್ಮ ಸೊಸೆ ಹಾಗೇ ಹಾಕ್ಸಿರೋದು."

ಸೊಸೆ ಮೂಗು ಒರೆಸಿಕೊಂಡು ಮುಂದಿನ ಗಾಜನ್ನೇ ನೋಡುತ್ತ, "ಗುದ್ದಿ ಮಾವ, ಹೊತ್ತಾಯ್ತು," ಅಂದಳು.